ಮೇಷ್ಟ್ರನ್ನೇ ಕೇಳಿ: ಹದಿನಾಲ್ಕರಲ್ಲಿ ನಾಲ್ಕು ಹೋದರೆ

ಮೇ ಬಂತೆಂದರೆ ನನ್ನ ಟಪಾಲು ದಪ್ಪಗಾಗುತ್ತದೆ. ಪಿಂಚಣಿ ಕೇಳುವವರು, ಜಾತಿ ಸರ್ಟಿಫಿಕೇಟ್ ಕೇಳುವವರು ಹಿಂದೆ ಸರಿದು ಶಾಲೆ ವಿಷಯದವರೇ ಮುಂದೆ ಬರುತ್ತಾರೆ. ಒಂದು ಕಡೆ ಎಸ್ಸೆಸ್ಸೆಲ್ಸಿ ರಿಸಲ್ಟು, ಇನ್ನೊಂದು ಕಡೆ ಒಂದನೇ ಕ್ಲಾಸಿನ ಅಡ್ಮಿಷನ್ನು. ಹೊಸನಗರ, ತೀರ್ಥಹಳ್ಳಿ, ಸಾಗರ ತಾಲ್ಲೂಕುಗಳಲ್ಲಿ 33 ವರ್ಷ ಸೀಮೆಸುಣ್ಣ ಹಿಡಿದವನು ನಾನು. ಅದರಲ್ಲಿ 11 ವರ್ಷ ಏಕೋಪಾಧ್ಯಾಯ ಶಾಲೆ. ಅಂದರೆ ಬೀಗ ತೆಗೆಯುವವನೂ ನಾನೇ, ಗಂಟೆ ಹೊಡೆಯುವವನೂ ನಾನೇ. ಹೆಸರು ಹಾಕಬೇಡಿ ಅಂತ ಸುಮಾರು ಜನ ಕೇಳಿಕೊಂಡಿದ್ದಾರೆ. ಯಾರದ್ದೂ ಹಾಕಿಲ್ಲ.

ಪ್ರಶ್ನೆ: ನಮ್ಮ ಮನೆ ತೀರ್ಥಹಳ್ಳಿಯಿಂದ 16 ಕಿಲೋಮೀಟರ್ ಒಳಗೆ. ಮಗಳಿಗೆ ಈಗಷ್ಟೇ ಆರು ತುಂಬಿದೆ. ಹತ್ತು ನಿಮಿಷ ನಡೆದರೆ ಸರ್ಕಾರಿ ಶಾಲೆ. ಐದು ಕ್ಲಾಸೂ ಸೇರಿ 11 ಮಕ್ಕಳು, ಇಬ್ಬರು ಟೀಚರ್. ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನು ನಮ್ಮ ಕ್ರಾಸಿಗೇ ಬರುತ್ತದೆ. ಅತ್ತೆ 'ಇಲ್ಲೇ ಹಾಕು' ಅಂತಾರೆ. ನಮ್ಮನೆಯವರು '11 ಮಕ್ಕಳ ಜೊತೆ ಕೂತು ಏನು ಕಲೀತಾಳೆ' ಅಂತಾರೆ. ಏನು ಮಾಡಲಿ ಮೇಷ್ಟ್ರೇ? (ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ತಾಯಿ)

ಉತ್ತರ: ಅಮ್ಮಾ, ಮೊದಲು ಒಂದು ಸಣ್ಣ ಕೆಲಸ ಮಾಡಿ. ಈಗ ರಜೆ. ಎರಡೂ ಶಾಲೆಯ ಮಕ್ಕಳು ಊರಲ್ಲೇ ಇದ್ದಾರೆ. ಈ ಶಾಲೆಯಲ್ಲಿ ಮೂರನೇ ಕ್ಲಾಸು ಮುಗಿಸಿದ ಒಂದು ಮಗು, ಆ ವ್ಯಾನಿಗೆ ಹೋಗುವ ಮೂರನೇ ಕ್ಲಾಸಿನ ಇನ್ನೊಂದು ಮಗು, ಇಬ್ಬರನ್ನೂ ಒಂದು ಸಂಜೆ ಮನೆಗೆ ಕರೆಯಿರಿ. ಹಲಸಿನ ಹಪ್ಪಳ ಒಣಹಾಕಿದ ಅಂಗಳದಲ್ಲೇ ಪರೀಕ್ಷೆ ಆಗಿಹೋಗಲಿ. ಎರಡನೇ ಕ್ಲಾಸಿನ ಪುಸ್ತಕ ಕೊಟ್ಟು ನಡುವಿನ ಒಂದು ಪುಟ ಓದಿಸಿ. ಮೊದಲ ಪುಟ ಬೇಡ, ಅದು ಬಾಯಿಪಾಠ ಆಗಿರುತ್ತದೆ. ವ್ಯಾನಿನ ಮಗುವಿಗೆ ಇಂಗ್ಲಿಷ್ ಪುಸ್ತಕ ಓದಿಸಿ, ಓದಿದ್ದನ್ನು ಕನ್ನಡದಲ್ಲಿ ಹೇಳು ಅನ್ನಿ.

ಆಮೇಲೆ ಇಬ್ಬರಿಗೂ ಒಂದೇ ಲೆಕ್ಕ. 52ರಲ್ಲಿ 27 ಕಳೆ. ಉತ್ತರ 25 ಬಂದರೆ ಸರಿ. 35 ಬಂದರೆ ಆ ಮಗು ಏಳರಲ್ಲಿ ಎರಡು, ಐದರಲ್ಲಿ ಎರಡು ಕಳೆದಿದೆ ಅಂತ ಅರ್ಥ. ಅಂದರೆ ದಶಕ ತೆಗೆದುಕೊಳ್ಳುವುದನ್ನು ಕಡ್ಡಿಯ ಕಟ್ಟು ಬಿಚ್ಚಿ ತೋರಿಸಿದವರು ಯಾರೂ ಇಲ್ಲ. ಈ 35 ನನ್ನ ಹಳೇ ಸ್ನೇಹಿತ. 33 ವರ್ಷ ಬಿಡದೆ ಬೆನ್ನು ಹತ್ತಿದೆ. ಸರ್ಕಾರಿ ಶಾಲೆಯಲ್ಲೂ ಸಿಕ್ಕಿದೆ, ಟೈ ಕಟ್ಟಿಕೊಂಡವರ ಹತ್ತಿರವೂ ಸಿಕ್ಕಿದೆ. ಒಬ್ಬ ಹುಡುಗ ನನ್ನ ಮುಂದೆ 35 ಬರೆದು, ನಾನು ಮುಖ ಸಿಂಡರಿಸಿದ್ದು ನೋಡಿ ಮೆಲ್ಲಗೆ 53 ಮಾಡಿದ್ದ!

ಈಗ 11 ಮಕ್ಕಳ ವಿಷಯ. ಒಂದರಿಂದ ಮೂರನೇ ಕ್ಲಾಸಿನ ತನಕ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ. ಹೇಗಿದ್ದರೂ ಮೂರೂ ಕ್ಲಾಸು ಒಟ್ಟಿಗೇ ಕೂರುತ್ತದೆ. ಇದು 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶುರುವಾಗಿದ್ದು. ಕಾಡಂಚಿನ ಸಣ್ಣ ಶಾಲೆಗಳು, ಒಬ್ಬರೇ ಮೇಷ್ಟ್ರು, ಹಲವು ಕ್ಲಾಸು, ಅಂಥ ಕಡೆಗೆ ಅಂತಲೇ ಮಾಡಿಕೊಂಡ ಕ್ರಮ. ಗೋಡೆ ಮೇಲೆ ಕಲಿಕಾ ಏಣಿ ಇರುತ್ತದೆ. ಮಗು ತಾನು ಯಾವ ಮೆಟ್ಟಿಲಲ್ಲಿದ್ದೇನೆ ನೋಡಿ, ಆ ಚಿತ್ರದ ಕಾರ್ಡು ತಾನೇ ತೆಗೆದುಕೊಂಡು, ತನ್ನ ತಟ್ಟೆಯಲ್ಲಿ ಹೋಗಿ ಕೂರಬೇಕು. ಟೀಚರ್ ಸಹಾಯ ಬೇಕಾದವರು ಒಂದು ತಟ್ಟೆ, ಗೆಳೆಯರ ಸಹಾಯ ಸಾಕು ಅನ್ನುವವರು ಇನ್ನೊಂದು. (ತಟ್ಟೆ ಅಂದರೆ ಊಟದ್ದಲ್ಲ. ಮಕ್ಕಳು ಸುತ್ತ ಕೂರುವ ಗುಂಪು.) ಮನಸ್ಸಿಟ್ಟು ಮಾಡುವ ಟೀಚರ್ ಸಿಕ್ಕರೆ 11 ಮಕ್ಕಳಷ್ಟು ಒಳ್ಳೇ ಕ್ಲಾಸು ಇನ್ನೊಂದಿಲ್ಲ. ಮನಸ್ಸಿಲ್ಲದವರಾದರೆ ಆ ಕಾರ್ಡುಗಳು ಟ್ರೇಯಲ್ಲೇ ಹೊಸದಾಗಿ ಉಳಿದಿರುತ್ತವೆ. ಶಾಲೆ ಶುರುವಾದ ಮೇಲೆ ಒಂದು ದಿನ ಹೋಗಿ ಕಾರ್ಡಿನ ಅಂಚು ಮುಟ್ಟಿ ನೋಡಿ. ಕೊಳೆಯಾಗಿ ಮುದುರಿದ್ದರೆ ಒಳ್ಳೆಯದು. ಆದರೆ ಪ್ರಾರಂಭೋತ್ಸವದ ದಿನ ಮಾತ್ರ ಹೋಗಬೇಡಿ. ಅವತ್ತು ಮಾವಿನ ತೋರಣ, ಪಾಯಸ ಎಲ್ಲ ಇರುತ್ತದೆ. ಎಲ್ಲ ಶಾಲೆಯೂ ಚಂದ ಕಾಣುತ್ತದೆ. ಎರಡು ವಾರ ಬಿಟ್ಟು, ಮಳೆ ಹಿಡಿದ ಒಂದು ಮಂಗಳವಾರ ಹನ್ನೊಂದು ಗಂಟೆಗೆ ಹೋಗಿ. ಇಬ್ಬರು ಟೀಚರಲ್ಲಿ ಇಬ್ಬರೂ ಇದ್ದಾರಾ, ಒಬ್ಬರು ಮೀಟಿಂಗಿಗೆ ಹೋಗಿ ಇನ್ನೊಬ್ಬರು ಮೊಬೈಲಲ್ಲಿ ಬಿಸಿಯೂಟದ ಲೆಕ್ಕ ತುಂಬುತ್ತಿದ್ದಾರಾ, ಅಲ್ಲಿ ಗೊತ್ತಾಗುತ್ತದೆ.

ವ್ಯಾನಿನ ಹೊತ್ತನ್ನೂ ಲೆಕ್ಕ ಹಾಕಿ. 16 ಕಿಲೋಮೀಟರ್ ಅಂದರೆ ನೇರ ರಸ್ತೆಯಲ್ಲ. ಕ್ರಾಸು ಕ್ರಾಸಿಗೂ ನಿಲ್ಲುತ್ತಾ, ಒಂದು ಗಂಟೆ ಮೇಲೇ. ಏಳೂಕಾಲಿಗೆ ಮಗು ಕ್ರಾಸಲ್ಲಿ ನಿಂತಿರಬೇಕು. ಜುಲೈನ ಜಡಿಮಳೆಯಲ್ಲಿ, ಉಂಬಳ ಹತ್ತಿದ ಕಾಲಲ್ಲಿ. ಸಂಜೆ ವ್ಯಾನಿನ ಕಿಟಕಿಗೆ ತಲೆ ಬಡಿಯುತ್ತಾ ನಿದ್ದೆ ಹೊಡೆಯುವ ಮಕ್ಕಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹತ್ತು ನಿಮಿಷದ ಶಾಲೆಗೆ ಹೋದ ಮಗು ಅಷ್ಟು ಹೊತ್ತಿಗೆ ಮನೆಗೆ ಬಂದು, ತಿಂಡಿ ತಿಂದು, ಕರು ಬಿಟ್ಟು, ಅಜ್ಜಿ ಹತ್ತಿರ ಬೈಸಿಕೊಂಡೂ ಆಗಿರುತ್ತದೆ.

ನಿಮ್ಮನೆಯವರ ಮಾತೂ ಸುಳ್ಳಲ್ಲ, ಅದನ್ನೂ ಹೇಳಿಬಿಡುತ್ತೇನೆ. ಒಂದು, ಇಂಗ್ಲಿಷ್. ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಕಲಿಸಲು ಶುರುವಾಗಿದ್ದು 2007-08ರಲ್ಲಿ. ಆದರೆ ಕಲಿಸುವ ನಮಗೇ ನಾಲಿಗೆ ತಿರುಗದಿದ್ದರೆ? ಆ ಕೊರತೆ ಇದೆ, ಮನೆಯಲ್ಲಿ ತುಂಬಿಕೊಳ್ಳಬೇಕು. ಎರಡು, ಜೊತೆ. 11 ಮಕ್ಕಳಲ್ಲಿ ಕಬಡ್ಡಿಗೆ ಎರಡು ತಂಡ ಆಗುವುದಿಲ್ಲ. ಅವಳ ಕ್ಲಾಸಿಗೆ ಅವಳೊಬ್ಬಳೇ ಆಗಿಬಿಟ್ಟರೆ ಇನ್ನೂ ಕಷ್ಟ. ಹಾಗಾಗಿ ಅಂಗನವಾಡಿಗೆ ಹೋಗಿ ಮೂರರಿಂದ ಐದು ವರ್ಷದ ಮಕ್ಕಳೆಷ್ಟು ಕೇಳಿ. ನಾಲ್ಕೈದು ಇದ್ದರೆ ಶಾಲೆಗೆ ಆಯಸ್ಸಿದೆ. ಒಂದೇ ಇದ್ದರೆ ಯೋಚಿಸಬೇಕಾದ್ದೇ.

ಇನ್ನೊಂದು ಮಾತು, ಹೆಚ್ಚಿನವರಿಗೆ ಪಿಯುಸಿ ಮುಗಿದ ಮೇಲೆ ನೆನಪಾಗುವುದು. ಒಂದರಿಂದ ಹತ್ತರ ತನಕ ಪೂರ್ತಿ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಸಿಇಟಿ ಸೀಟಿನಲ್ಲಿ ಶೇ 15 ಗ್ರಾಮೀಣ ಮೀಸಲಾತಿ ಇದೆ. ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ಷರತ್ತುಗಳಿವೆ, ಆದರೂ ದೊಡ್ಡ ಅನುಕೂಲವೇ. ಪಟ್ಟಣ ಪಂಚಾಯ್ತಿ ಒಳಗಿನ ಶಾಲೆಗೆ ಒಂದು ವರ್ಷ ಹಾಕಿದರೂ ಗ್ರಾಮೀಣ ಹೋಯ್ತು.

ನಾನಾಗಿದ್ದರೆ, ಅಂಗಳದ ಪರೀಕ್ಷೆಯಲ್ಲಿ ಹಳ್ಳಿ ಮಗು ತೀರಾ ಸೋಲದಿದ್ದರೆ, ಐದರ ತನಕ ಇಲ್ಲೇ ಓದಿಸಿ, ಐದರಲ್ಲಿರುವಾಗಲೇ ನವೋದಯ, ಮೊರಾರ್ಜಿ, ಆದರ್ಶ (ಆರನೇ ಕ್ಲಾಸಿಗೆ ಪರೀಕ್ಷೆ ಇಟ್ಟು ಸೇರಿಸಿಕೊಳ್ಳುವ ಸರ್ಕಾರಿ ಶಾಲೆಗಳು) ಮೂರಕ್ಕೂ ಪರೀಕ್ಷೆ ಬರೆಸುತ್ತಿದ್ದೆ. ಗಾಜನೂರಿನ ನವೋದಯದಲ್ಲಿ ಶೇ 75ಕ್ಕೆ ಕಡಿಮೆ ಇಲ್ಲದಂತೆ ಹಳ್ಳಿ ಮಕ್ಕಳಿಗೇ ಸೀಟು.

ಪ್ರಶ್ನೆ: ನಮ್ಮೂರ ಸರ್ಕಾರಿ ಹೈಸ್ಕೂಲು ಹೋದ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ 100 ಪರ್ಸೆಂಟ್ ತೆಗೆದಿತ್ತು. ಬ್ಯಾನರ್ ಕಟ್ಟಿದ್ದೆವು. ಈ ವರ್ಷ 71. ಮೇಷ್ಟ್ರುಗಳು ಏನು ಮಾಡುತ್ತಿದ್ದರು? (ಹೊಸನಗರ ತಾಲ್ಲೂಕಿನ ಅಂಗಡಿ ಮಾಲೀಕರು)

ಉತ್ತರ: ಸ್ವಾಮಿ, ಎಷ್ಟು ಮಕ್ಕಳು ಬರೆದಿದ್ದರು ಅಂತ ನೀವು ಬರೆದಿಲ್ಲ. ನಿಮ್ಮೂರ ಪರಿಚಯದವರಿಗೆ ಫೋನು ಮಾಡಿ ಕೇಳಿದೆ. 14 ಮಕ್ಕಳು, ಹತ್ತು ಪಾಸು, ನಾಲ್ಕು ಫೇಲು. ಹೋದ ವರ್ಷ ಬರೆದವರು 9. ಇಷ್ಟು ಸಣ್ಣ ಲೆಕ್ಕದಲ್ಲಿ ಒಂದು ಮಗು ಅಂದರೆ ಏಳು ಪರ್ಸೆಂಟು. ಒಬ್ಬನಿಗೆ ಗಣಿತದಲ್ಲಿ ಎರಡು ಮಾರ್ಕು ಕಮ್ಮಿ ಬಿದ್ದರೆ ನಿಮ್ಮ ಬ್ಯಾನರಿನ ಅಂಕಿ ಏಳು ಇಳಿಯುತ್ತದೆ. ಸಂತೆಯಲ್ಲಿ ನೀವು 14 ತೆಂಗಿನಕಾಯಿ ತಂದು ನಾಲ್ಕು ಕೊಳೆತಿದ್ದರೆ ಮರಕ್ಕೇ ಬಯ್ಯುತ್ತೀರಾ?

ನಾಲ್ವರಲ್ಲಿ ಇಬ್ಬರು ಕೊನೆಕೊಯ್ಲಿನ ಕಾಲದಲ್ಲಿ ತಿಂಗಳುಗಟ್ಟಲೆ ಶಾಲೆಗೇ ಬಂದಿಲ್ಲ, ಅಡಿಕೆ ಸುಲಿಯಲು ಹೋಗಿದ್ದಾರೆ. ಅದನ್ನೂ ನಿಮ್ಮ ಊರಿನವರೇ ಹೇಳಿದರು. ಯಾರ ಮನೆ ಅಡಿಕೆ ಅಂತ ನಾನು ಕೇಳಲಿಲ್ಲ.

ಇನ್ನು ರಾಜ್ಯದ ಲೆಕ್ಕ ನೋಡಿ. 2023ರಲ್ಲಿ ಶೇ 83.89 ಇದ್ದದ್ದು 2024ರಲ್ಲಿ ಶೇ 73.40ಕ್ಕೆ ಬಿತ್ತು. ಅದೂ ಗ್ರೇಸ್ ಮಾರ್ಕು ಕೊಟ್ಟ ಮೇಲೆ. ಒಂದೇ ವರ್ಷಕ್ಕೆ ಮಕ್ಕಳೆಲ್ಲ ದಡ್ಡರಾದರಾ? ಇಲ್ಲ. ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು. ಮೊದಲಿನ ಅಂಕಿಯಲ್ಲಿ ಎಷ್ಟು ಮಕ್ಕಳದ್ದು, ಎಷ್ಟು ಚೀಟಿಯದ್ದು ಅಂತ ಆವತ್ತು ಗೊತ್ತಾಯಿತು. ಆ ವರ್ಷ ನಮ್ಮ ಶಿವಮೊಗ್ಗ ಜಿಲ್ಲೆ ಶೇ 88.67 ತೆಗೆದು ಉಡುಪಿ, ದಕ್ಷಿಣ ಕನ್ನಡದ ಹಿಂದೆಯೇ ಮೂರನೇ ಸ್ಥಾನಕ್ಕೆ ಬಂತು. ಕ್ಯಾಮೆರಾ ಇಟ್ಟರೂ ನಿಂತ ಅಂಕಿ ಅದು. 2025ರಲ್ಲಿ ಶೇ 82.29, ನಾಲ್ಕನೇ ಸ್ಥಾನ. ಇಳಿದಿದೆ, ಹೌದು. ಆದರೂ ತಲೆ ತಗ್ಗಿಸುವಂಥದ್ದಲ್ಲ.

ಹೈಸ್ಕೂಲಿಗೆ ಹೋದಾಗ ಪರ್ಸೆಂಟು ಕೇಳಬೇಡಿ. ಮೂರು ವರ್ಷದ ಹಿಂದೆ ಎಂಟನೇ ಕ್ಲಾಸಿಗೆ ಸೇರಿದ್ದು ಎಷ್ಟು ಜನ, ಈಗ ಹತ್ತನೇದು ಬರೆದದ್ದು ಎಷ್ಟು ಜನ, ಇದನ್ನು ಕೇಳಿ. ನೂರಕ್ಕೆ ನೂರು ಬರುವ ಕೆಲವು ಕಡೆ (ಸರ್ಕಾರಿ, ಖಾಸಗಿ ಎರಡೂ) ಒಂಬತ್ತರಲ್ಲೇ 'ಇವನಿಗೆ ಆಗಲ್ಲ, ಟಿಸಿ ತಗೊಂಡು ಹೋಗಿ' ಅಂತ ಕಳಿಸಿಬಿಡುತ್ತಾರೆ. ನಾಲ್ವರು ಫೇಲಾಗುವ ತನಕ ಇಟ್ಟುಕೊಂಡ ಶಾಲೆ ನನಗೇನೋ ಅದಕ್ಕಿಂತ ವಾಸಿ ಅನಿಸುತ್ತದೆ. ಆ ನಾಲ್ವರನ್ನು ಕರೆದು ಪರೀಕ್ಷೆ-2ಕ್ಕೆ (ಫೇಲಾದವರು ಅದೇ ವರ್ಷ ಮತ್ತೆ ಬರೆಯುವುದು) ಕಟ್ಟಿಸಿ. ಬ್ಯಾನರಿನ ದುಡ್ಡು ಉಳಿದಿದೆಯಲ್ಲ, ಫೀಸು ಇದ್ದರೆ ಅದರಲ್ಲೇ ಆಗುತ್ತದೆ.

ಪ್ರಶ್ನೆ: ನಮ್ಮ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 63 ಮಕ್ಕಳಿದ್ದರು, ಮೂವರು ಟೀಚರ್. ಈ ವರ್ಷ 58. ಐದು ಮಕ್ಕಳು ಹೋದದ್ದಕ್ಕೆ ಒಬ್ಬ ಟೀಚರನ್ನೇ 'ಹೆಚ್ಚುವರಿ' ಅಂತ ಬೇರೆ ಕಡೆ ಹಾಕಿದ್ದಾರೆ. ಇದು ನ್ಯಾಯವಾ? (ಸೊರಬ)

ಉತ್ತರ: ನ್ಯಾಯವೋ ಅಲ್ಲವೋ, ಕಾನೂನಿನ ಪಟ್ಟಿಯಲ್ಲಿ ಇರುವುದು ಹಾಗೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೇ ಕ್ಲಾಸಿನ ತನಕ 60 ಮಕ್ಕಳಿಗೆ ಇಬ್ಬರು ಟೀಚರ್. 61ನೇ ಮಗು ಬಂದರೆ ಮೂರನೆಯವರು. 91ಕ್ಕೆ ನಾಲ್ಕನೆಯವರು. ನಿಮ್ಮಲ್ಲಿ ಮೂವರು ಮಕ್ಕಳು ಉಳಿದಿದ್ದರೆ ಟೀಚರೂ ಉಳಿಯುತ್ತಿದ್ದರು.

ಪಟ್ಟಿ ಮಾಡಿದವರು ತಲೆ ಎಣಿಸಿದರು, ಕ್ಲಾಸು ಎಣಿಸಲಿಲ್ಲ. 58 ಮಕ್ಕಳು ಒಂದೇ ಕ್ಲಾಸಿನವರಲ್ಲ, ಐದು ಕ್ಲಾಸಿನವರು. ಇಬ್ಬರು ಟೀಚರಲ್ಲಿ ಒಬ್ಬರು ತರಬೇತಿಗೆ ಹೋದ ದಿನ ಐದೂ ಕ್ಲಾಸು ಒಂದೇ ಕೋಣೆಯಲ್ಲಿ. ಇದನ್ನು ನೋಡಿದ ತಂದೆತಾಯಿ ಮುಂದಿನ ಜೂನಿಗೆ ಇನ್ನೂ ಎಂಟು ಮಕ್ಕಳನ್ನು ವ್ಯಾನು ಹತ್ತಿಸುತ್ತಾರೆ. ನನ್ನ ಕಣ್ಣೆದುರೇ ಎರಡು ಶಾಲೆ ಹೀಗೆ ಕರಗಿದವು. ಒಂದರ ಕಟ್ಟಡದಲ್ಲಿ ಈಗ ಯಾರೋ ಸೌದೆ ಪೇರಿಸಿದ್ದಾರೆ.

ಎಲ್ಲವನ್ನೂ ಕನ್ವೆಂಟಿನ ತಲೆಗೆ ಕಟ್ಟುವುದೂ ತಪ್ಪು. ನಮ್ಮ ಮಲೆನಾಡಿನಲ್ಲಿ ಮಕ್ಕಳೇ ಕಮ್ಮಿ. ದೊಡ್ಡ ಮನೆ, ಜಗಲಿ, ಒಳಗೆ ಇಬ್ಬರು ಮುದುಕರು, ಒಂದು ನಾಯಿ, ವಾಟ್ಸಾಪಿನಲ್ಲಿ ಬೆಂಗಳೂರಿನ ಮೊಮ್ಮಗ. ದಾಖಲಾತಿ ಆಂದೋಲನ ಅಂತ ಕರಪತ್ರ ಹಿಡಿದು ಹೋದರೆ ಕೊಡುವುದು ಯಾರಿಗೆ? ಆದರೆ ನಿಮ್ಮಲ್ಲಿ 58 ಇದ್ದಾರೆ. ಮೂವರನ್ನು ಹುಡುಕುವುದು ಕಷ್ಟವಲ್ಲ. ತೋಟದ ಲೈನ್ ಮನೆಗಳಲ್ಲಿ, ಕಟ್ಟಡ ಕೆಲಸದ ಶೆಡ್ಡುಗಳಲ್ಲಿ ಕೇಳಿ ನೋಡಿ. ಟಿಸಿ ಇಲ್ಲ, ವಯಸ್ಸಿನ ದಾಖಲೆ ಇಲ್ಲ ಅಂತ ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ. ಇದೂ ಅದೇ ಕಾಯ್ದೆಯ ಮಾತು.

ಪ್ರಶ್ನೆ: ನನ್ನನ್ನು ಎಸ್‌ಡಿಎಂಸಿ (ಶಾಲೆಯ ಮೇಲುಸ್ತುವಾರಿ ಸಮಿತಿ) ಸದಸ್ಯೆ ಮಾಡಿದ್ದಾರೆ. ಸಹಿ ಹಾಕುವುದು ಬಿಟ್ಟು ಬೇರೇನಾದರೂ ಕೆಲಸ ಇದೆಯಾ? (ಸಾಗರ)

ಉತ್ತರ: ಇದೆ. ಸಹಿ ಹಾಕುವ ಮುಂಚೆ ಓದುವುದು.

ಸುಮ್ನೆ ಹೇಳಿದೆ, ಬೇಜಾರಾಗಬೇಡಿ. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧ ಹೆಂಗಸರಿರಬೇಕು. ಅನುದಾನ ಎಲ್ಲಿಗೆ ಹೋಯಿತು ಕೇಳುವ ಹಕ್ಕು ನಿಮಗಿದೆ. ನನ್ನ ಅನುಭವದಲ್ಲಿ ಗಂಡಸು ಸದಸ್ಯರು ಕಾಂಪೌಂಡು, ಗೇಟು, ಧ್ವಜಸ್ತಂಭ ಅನ್ನುತ್ತಾರೆ. ಹೆಂಗಸರು ಶೌಚಾಲಯಕ್ಕೆ ನೀರು ಬರುತ್ತದಾ ಅಂತ ಕೇಳುತ್ತಾರೆ. ಏಳನೇ ಕ್ಲಾಸಿನ ಹೆಣ್ಣುಮಕ್ಕಳು ಶಾಲೆ ತಪ್ಪಿಸುವುದು ಯಾವುದಕ್ಕೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ನನ್ನ ಒಂದು ಶಾಲೆಗೆ ಹಳ್ಳ ದಾಟಿ ಬರಬೇಕಿತ್ತು. ಕಾಲುಸಂಕ ಮಾಡಿಕೊಡಿ ಅಂತ ಒಂದು ಕಚೇರಿಗೆ ನಾಲ್ಕು ಸಲ ಬರೆದೆ. ನಾಲ್ಕನೇ ಸಲ 'ಸ್ಥಳ ಪರಿಶೀಲಿಸಲಾಗಿದೆ' ಅಂತ ಉತ್ತರ ಬಂತು. ಬಂದವರನ್ನು ಊರಲ್ಲಿ ಯಾರೂ ನೋಡಿರಲಿಲ್ಲ. ಕೊನೆಗೆ ನಮ್ಮ ಸಮಿತಿಯ ಅಧ್ಯಕ್ಷೆ ಒಂದು ಭಾನುವಾರ ಹತ್ತು ಜನರನ್ನು ಕರೆಸಿ, ಅಡಿಕೆ ಮರ ಕಡಿಸಿ ಅಡ್ಡ ಹಾಕಿಸಿ, ಹಿಡಿದು ದಾಟಲು ಬಿದಿರಿನ ಕೈತಾಂಗು ಕಟ್ಟಿಸಿದರು. ಎಲ್ಲರಿಗೂ ಅವರ ಮನೆಯಲ್ಲೇ ಊಟ. ಆ ಮಳೆಗಾಲ ಹಳ್ಳದಾಚೆಯ ಆರು ಮಕ್ಕಳು ಒಂದು ದಿನ ತಪ್ಪಿಸಲಿಲ್ಲ. ಅಡಿಕೆ ಮರ ಎರಡೇ ಮಳೆಗಾಲ ಬಾಳುತ್ತದೆ. ಮೂರನೆಯದಕ್ಕೆ ಮತ್ತೆ ಹಾಕಬೇಕು, ಹಾಕಿದೆವು.

ಪ್ರಶ್ನೆ: ನಾವು ಬೆಂಗಳೂರಿನಲ್ಲಿರುವ ಹಳೇ ವಿದ್ಯಾರ್ಥಿಗಳು. ಊರಿನ ಶಾಲೆ 19 ಮಕ್ಕಳಿಗೆ ಇಳಿದಿದೆ. ಸುಣ್ಣಬಣ್ಣ ಮಾಡಿಸಿ, ಗೋಡೆಗೆ ರೈಲುಬೋಗಿ ಚಿತ್ರ ಬರೆಸಿ, ಸ್ಮಾರ್ಟ್ ಟಿವಿ ಕೊಡಬೇಕು ಅಂದುಕೊಂಡಿದ್ದೇವೆ. ನಿಮ್ಮ ಸಲಹೆ? (ಬೆಂಗಳೂರಿನಿಂದ)

ಉತ್ತರ: ರೈಲು ಚಂದ. ಆದರೆ ಆಗುಂಬೆ ಕಡೆಯ ಮಳೆಗೆ ಎರಡನೇ ವರ್ಷ ಬೋಗಿ ಮೇಲೆಲ್ಲ ಪಾಚಿ. ಸ್ಮಾರ್ಟ್ ಟಿವಿ ಬೀರುವಿನೊಳಗೆ ಬೀಗ ಹಾಕಿಕೊಂಡು ಕೂತಿರುತ್ತದೆ, ಕೆಟ್ಟರೆ ಯಾರು ಹೊಣೆ ಅಂತ.

ದುಡ್ಡು ಆಟೋಗೆ ಹಾಕಿ. ನಿಜವಾಗಿ ಹೇಳುತ್ತಿದ್ದೇನೆ. ಖಾಸಗಿ ಶಾಲೆ ನಮ್ಮಿಂದ ಮಕ್ಕಳನ್ನು ಕರೆದೊಯ್ದದ್ದು ಇಂಗ್ಲಿಷಿನಿಂದ ಅರ್ಧ, ವ್ಯಾನಿನಿಂದ ಅರ್ಧ. ಮಳೆಯಲ್ಲಿ ಮಗುವನ್ನು ಬಾಗಿಲಿಂದ ಕರೆದುಕೊಂಡು ಹೋಗಿ ಬಾಗಿಲಿಗೇ ತಂದು ಬಿಡುತ್ತಾರೆ ಅಂದರೆ ಯಾವ ತಾಯಿ ಬೇಡ ಅಂತಾಳೆ? ಶಕ್ತಿ ಯೋಜನೆ ಅಂತ ಸರ್ಕಾರಿ ಬಸ್ಸು ಹೆಣ್ಣುಮಕ್ಕಳಿಗೆ ಫ್ರೀ ಆಗಿದ್ದು 2023ರ ಜೂನಿನಲ್ಲಿ. ಆದರೆ ನಮ್ಮ ಒಳರಸ್ತೆಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅದೂ ದಿನಕ್ಕೆರಡು ಟ್ರಿಪ್ಪು. ನಾನು ನಿವೃತ್ತಿಯಾಗುವ ಮುಂಚಿನ ಶಾಲೆಯಲ್ಲಿ ಊರಿನ ಒಂದು ಆಟೋದವನಿಗೆ ತಿಂಗಳಿಗಿಷ್ಟು ಅಂತ ಗೊತ್ತು ಮಾಡಿದ್ದೆವು. ಮೂರು ಕಿಲೋಮೀಟರ್ ಆಚೆಯ ಎರಡು ಹಳ್ಳಿಯಿಂದ ಒಂದೇ ವರ್ಷದಲ್ಲಿ ಒಂಬತ್ತು ಮಕ್ಕಳು ಜಾಸ್ತಿಯಾದರು. ಅವನು ಮಧ್ಯೆ ಒಂದು ವಾರ ಮದುವೆಗೆ ಅಂತ ಹೋದಾಗ ಒಂಬತ್ತೂ ಮಕ್ಕಳು ಗೈರು! ಆಟೋದ ಬೆಲೆ ಅಲ್ಲಿ ತಿಳಿಯಿತು. ಹಾಗಾಗಿ ಒಂದು ವರ್ಷದ್ದಲ್ಲ, ಐದು ವರ್ಷದ ದುಡ್ಡು ಬ್ಯಾಂಕಿನಲ್ಲಿ ಇಟ್ಟೇ ಶುರುಮಾಡಿ. ನಡುವೆ ನಿಲ್ಲಿಸುವುದಾದರೆ ಶುರುಮಾಡಬೇಡಿ.

ಉಳಿದರೆ ಎಂಟನೇ ಕ್ಲಾಸಿನ ಮಕ್ಕಳಿಗೆ ಎನ್ಎಂಎಂಎಸ್ ಅನ್ನುವ ವಿದ್ಯಾರ್ಥಿವೇತನದ ಪರೀಕ್ಷೆಗೆ ಕೋಚಿಂಗ್ ಕೊಡಿಸಿ. ಸರ್ಕಾರಿ, ಅನುದಾನಿತ ಶಾಲೆ ಮಕ್ಕಳಿಗೆ ಮಾತ್ರ ಇರುವ ಪರೀಕ್ಷೆ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿ ತನಕ ವರ್ಷಕ್ಕೆ 12,000 ರೂಪಾಯಿ. ಶನಿವಾರ ಸಂಜೆ ನಿಮ್ಮಲ್ಲೊಬ್ಬರು ವೀಡಿಯೋ ಕಾಲಿನಲ್ಲಿ ಪಾಠ ಮಾಡಿದರೂ ನಡೆಯುತ್ತದೆ. ನೆಟ್‌ವರ್ಕ್ ಸಿಗುವ ಗುಡ್ಡ ಯಾವುದು ಅಂತ ಮಕ್ಕಳಿಗೆ ಗೊತ್ತಿರುತ್ತದೆ.

ಪ್ರಶ್ನೆ: ಸರ್ಕಾರಿ ಶಾಲೆಗೆ ಹಾಕಿ ಅಂತ ಊರಿಗೆಲ್ಲ ಹೇಳುತ್ತೀರಲ್ಲ ಮೇಷ್ಟ್ರೇ, ನಿಮ್ಮ ಮಕ್ಕಳು ಓದಿದ್ದು ಎಲ್ಲಿ? (ಶಿವಮೊಗ್ಗ)

ಉತ್ತರ: ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ, ಪ್ರತಿ ವರ್ಷ ಪಕ್ಕಕ್ಕಿಡುತ್ತಿದ್ದೆ. ಈ ಸಲ ಹೇಳಿಬಿಡುತ್ತೇನೆ.

ಮಗಳು ಏಳರ ತನಕ ನನ್ನ ಶಾಲೆಯಲ್ಲೇ. ನನ್ನ ಕೈಯಲ್ಲೇ ಮಗ್ಗಿ ಕಲಿತಳು, ನನ್ನ ಕೈಯಲ್ಲೇ ಪೆಟ್ಟೂ ತಿಂದಳು. ಮಗನನ್ನು ಮಾತ್ರ ಎಂಟನೇ ವರ್ಷಕ್ಕೆ ಶಿವಮೊಗ್ಗದ ಭಾವನ ಮನೆಯಲ್ಲಿಟ್ಟು ಕನ್ವೆಂಟಿಗೆ ಹಾಕಿದೆ. ಆಗ ನಾನಿದ್ದದ್ದು ಏಕೋಪಾಧ್ಯಾಯ ಶಾಲೆ. ಅವನ ಕ್ಲಾಸಿಗೆ ಅವನೊಬ್ಬನೇ. ಊಟದ ಬಿಡುವಿನಲ್ಲಿ ಗೋಡೆಗೆ ಚೆಂಡು ಎಸೆದು ತಾನೇ ಹಿಡಿಯುತ್ತಿದ್ದ. ನನಗೆ ನೋಡಲಾಗಲಿಲ್ಲ. ಅವನ ಟಿಸಿ ಬರೆದವನೂ ನಾನೇ. 'ಶಾಲೆ ಬಿಡಲು ಕಾರಣ' ಅನ್ನುವ ಜಾಗದಲ್ಲಿ 'ಪೋಷಕರ ಇಚ್ಛೆ' ಅಂತ ಬರೆದು, ಪೋಷಕರ ಸಹಿ ಕಡೆಯೂ ಸಹಿ ಮಾಡಿ, ಮುಖ್ಯೋಪಾಧ್ಯಾಯರ ಸಹಿ ಕಡೆಯೂ ನಾನೇ ಮಾಡಿದೆ.

ಅದೇ ಜೂನಿನಲ್ಲಿ ಮಕ್ಕಳನ್ನು ಸೇರಿಸಿ ಅಂತ ಮನೆ ಮನೆ ತಿರುಗುತ್ತಿದ್ದೆ. ಒಂದು ಮನೆಯಲ್ಲಿ ಅಜ್ಜಿ ಕಾಫಿ ತಂದು ಕೊಟ್ಟು, ಎದುರಿಗೆ ಕೂತು, 'ನಿಮ್ಮ ಮಾಣಿ ಕಾಣ್ಲೇ ಇಲ್ಲ, ಎಲ್ಲಿ ಮೇಷ್ಟ್ರೇ?' ಅಂದರು. ಕಾಫಿ ತುಂಬಾ ಬಿಸಿ ಇತ್ತು. ಹಾಗೇ ಕುಡಿದು ಎದ್ದು ಬಂದೆ.